ಸ್ಕ್ರೂ ಒರಟಾಗಿದ್ದರೆ ಮೂಳೆಗೇನು ಲಾಭ?

"ಅಮ್ಮನ ಕೆಳದವಡೆಗೆ ಹಲ್ಲಿನ ಇಂಪ್ಲಾಂಟ್ (ಕೃತಕ ಹಲ್ಲಿಗೆ ಬೇರಿನಂತೆ ಮೂಳೆಯೊಳಗೆ ಕೂರಿಸುವ ಸ್ಕ್ರೂ) ಹಾಕಿಸಬೇಕು. ಡಾಕ್ಟರು ತೋರಿಸಿದ ಸ್ಕ್ರೂ ಬೂದುಬಣ್ಣಕ್ಕಿತ್ತು, ಮೈಯೆಲ್ಲ ಒರಟು. ನುಣುಪಾಗಿ ಹೊಳೆಯುವುದೇ ಒಳ್ಳೆಯದಲ್ವಾ? ಒರಟಿದ್ದರೆ ಕೊಳೆ ಕೂರುವುದಿಲ್ವಾ?"
— ಓದುಗರು, ದಾವಣಗೆರೆ

ನಿಮ್ಮ ಎರಡನೇ ಪ್ರಶ್ನೆಯಲ್ಲಿ ನಿಜವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯದಕ್ಕೆ ಉತ್ತರ: ಆ ಒರಟುತನ ಬೇಕೆಂದೇ ಮಾಡಿದ್ದು.

1965ರಲ್ಲಿ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಮೊದಲ ರೋಗಿಯ ದವಡೆಗೆ ಟೈಟಾನಿಯಂ ಸ್ಕ್ರೂ ಕೂರಿಸಿದರು. ಅದು ಮೆಷಿನ್‌ನಲ್ಲಿ ಕಡೆದದ್ದು, ಹೆಚ್ಚುಕಡಿಮೆ ನುಣುಪು. ಮೂಳೆ ಅದಕ್ಕೂ ಕೂಡಿಕೊಂಡಿತು. ಆದರೆ ಅಂಥ ಸ್ಕ್ರೂ ಹಾಕಿಸಿಕೊಂಡವರು ಅದರ ಮೇಲೆ ಹಲ್ಲು ಕೂರಿಸಲು ಕೆಳದವಡೆಯಲ್ಲಾದರೆ 3 ತಿಂಗಳು, ಮೇಲ್ದವಡೆಯಲ್ಲಾದರೆ 6 ತಿಂಗಳು ಕಾಯಬೇಕಿತ್ತು.

ಯಾಕೆ ಅಷ್ಟು ಕಾಲ? ಸ್ಕ್ರೂ ಕೂರಿಸಿದ ಕೂಡಲೇ ಸುತ್ತ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಂಬ ಫೈಬ್ರಿನ್ ಎಂಬ ಸಣ್ಣ ಎಳೆಗಳು. ಮೂಳೆ ಕಟ್ಟುವ ಜೀವಕೋಶಗಳು ಈ ಎಳೆಗಳನ್ನು ಹಿಡಿದು, ಜಗ್ಗುತ್ತಾ ಸ್ಕ್ರೂ ಕಡೆಗೆ ಬರುತ್ತವೆ. ಲೋಹ ನುಣುಪಾಗಿದ್ದರೆ ಆ ಜಗ್ಗಾಟಕ್ಕೆ ಎಳೆ ಕಿತ್ತುಬರುತ್ತದೆ. ಆಗ ಹಳೆಯ ಮೂಳೆಯ ಅಂಚಿನಿಂದಲೇ ಹೊಸದು ಮೆಲ್ಲಗೆ ಬೆಳೆದುಬರಬೇಕು. ಲೋಹ ಒರಟಾಗಿದ್ದರೆ ಎಳೆ ಬಿಡುವುದಿಲ್ಲ. ಜೀವಕೋಶಗಳು ಸ್ಕ್ರೂ ಮೈ ಮುಟ್ಟಿ ಅಲ್ಲಿಂದಲೇ ಕೆಲಸ ಶುರುಮಾಡುತ್ತವೆ. ಎರಡೂ ಕಡೆಯಿಂದ ಮೂಳೆ ಬೆಳೆದರೆ ಬೇಗ ಕೂಡುತ್ತದೆ. ನನಗೆ ಈ ವಿಷಯದಲ್ಲಿ ಅತಿ ಸೋಜಿಗ ಅನಿಸುವುದು ಇದೇ.

ಹೀಗಾಗಿ ತಯಾರಕರು ಅಲ್ಯೂಮಿನಾ ಹರಳುಗಳನ್ನು ರಭಸವಾಗಿ ಹೊಡೆದು ಸ್ಕ್ರೂ ಮೈಯಲ್ಲಿ ಗುಳಿ ಮಾಡುತ್ತಾರೆ. ಆಮೇಲೆ ಆಸಿಡ್‌ನಲ್ಲಿ ಅದ್ದಿ ಗುಳಿಯೊಳಗೆ ಇನ್ನೂ ಸಣ್ಣ ಗುಳಿ ಮಾಡುತ್ತಾರೆ. ಮೂಳೆ ಗಟ್ಟಿಯಿದ್ದವರಿಗೆ ಇಂಥದ್ದರಲ್ಲಿ 6ರಿಂದ 8 ವಾರ ಸಾಕಾಗಬಹುದು.

ಹಾಗಂತ ಒರಟಾದಷ್ಟೂ ಒಳ್ಳೆಯದೇನಲ್ಲ. ಸರಾಸರಿ ಏರುತಗ್ಗು 1ರಿಂದ 2 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇದ್ದರೆ ಮೂಳೆಗೆ ಚೆನ್ನಾಗಿ ಒಗ್ಗುತ್ತದೆ. ಅದಕ್ಕಿಂತ ಜಾಸ್ತಿ ಒರಟು ಮಾಡಿ ಲಾಭವಿಲ್ಲ, ಅಪಾಯ ಮಾತ್ರ ಜಾಸ್ತಿ. ನೀವು ಹೇಳಿದ ಕೊಳೆಯ ಮಾತು ಬರುವುದು ಇಲ್ಲಿ. ಮೂಳೆಯೊಳಗೆ ಹುದುಗಿರುವ ತನಕ ಒರಟು ಮೈಯಿಂದ ತೊಂದರೆಯಿಲ್ಲ. ಮೂಳೆ ಕರಗಿ ಆ ಭಾಗ ಹೊರಗೆ ಬಂದರೆ ಕೊಳೆ ಕೂರುತ್ತದೆ, ತೆಗೆಯುವುದೂ ಕಷ್ಟ. ಅದಕ್ಕೇ ಹಲವು ಇಂಪ್ಲಾಂಟ್‌ಗಳಲ್ಲಿ ವಸಡಿನ ಹತ್ತಿರದ ಕತ್ತನ್ನು ನುಣುಪಾಗಿಯೇ ಬಿಟ್ಟಿರುತ್ತಾರೆ. ಡಾಕ್ಟರನ್ನು ಕೇಳಿ, ತೋರಿಸುತ್ತಾರೆ.

ಇನ್ನೊಂದು ಮಾತು. ಮೂರು-ನಾಲ್ಕನೇ ವಾರದ ಹೊತ್ತಿಗೆ ಸ್ಕ್ರೂವನ್ನು ಹಿಡಿದಿದ್ದ ಹಳೆಯ ಮೂಳೆ ಸ್ವಲ್ಪ ಕರಗಿರುತ್ತದೆ, ಹೊಸದು ಇನ್ನೂ ಬಲಿತಿರುವುದಿಲ್ಲ. ಅಷ್ಟರಲ್ಲಿ ನೋವು ಹೋಗಿರುತ್ತದೆ. ನೋವಿಲ್ಲ ಅಂತ ಅಮ್ಮ ಆ ಕಡೆಯಿಂದ ಚಕ್ಕುಲಿ ಕಡಿಯದ ಹಾಗೆ ನೋಡಿಕೊಳ್ಳಿ. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಗೆ ಬಂದ ಮೇಲೆಯೇ ಹಾಕಿಸಿ. ಇಂಪ್ಲಾಂಟ್‌ನ ಕಂಪನಿ, ಅಳತೆ ಬರೆದ ಕಾರ್ಡ್ ಕೇಳಿ ಪಡೆದು ಫೈಲಿನಲ್ಲಿಡಿ. ಮುಂದೆ ಬೇರೆ ಊರಿನ ಡಾಕ್ಟರು ನೋಡಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಅದನ್ನೇ.