ಹೆರಿಟೇಜ್ ಹೋಟೆಲಲ್ಲಿ ಹಳೇ ಕಟ್ಟಡದ ರೂಮೇ ಬೇಕಾದರೆ

ಉದಯಪುರದಲ್ಲಿ ಅರಮನೆ ಹೋಟೆಲ್ ಅಂತ ಬುಕ್ ಮಾಡಿದರೂ ಹೊಸ ಕಟ್ಟಡದ ರೂಮು ಕೊಟ್ಟರು, ಜೋಧಪುರದಲ್ಲಿ ಹೀಗಾಗಬಾರದು ಎಂದಿದ್ದೀರಿ. ನೀವು ತಗೊಂಡದ್ದು ಅತಿ ಕಡಿಮೆ ದರದ ವರ್ಗ ಇರಬೇಕು. ಅದು ಬಹಳ ಕಡೆ ಹೊಸ ಭಾಗದಲ್ಲೇ ಇರುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಿಯಮದಂತೆ ಕಟ್ಟಡದ ಅರ್ಧ ವಿಸ್ತೀರ್ಣ 1950ಕ್ಕಿಂತ ಹಳೆಯದಾಗಿದ್ದರೂ ಹೆರಿಟೇಜ್ ದರ್ಜೆ ಸಿಗಬಹುದು. ಮುಂಬೈಯ ತಾಜ್‌ನಲ್ಲೂ 1903ರ ಅರಮನೆ ಬೇರೆ, 1970ರ ದಶಕದ ಟವರ್ ಬೇರೆ.

ಮೊದಲು ಹೋಟೆಲಿನ ಸ್ವಂತ ವೆಬ್‌ಸೈಟಲ್ಲಿ ನಿಮ್ಮ ರೂಮಿನ ವರ್ಗದ ಹೆಸರು ಹುಡುಕಿ. ಆಮೇಲೆ ನೇರವಾಗಿ ಹೋಟೆಲಿಗೇ ಇಮೇಲ್ ಹಾಕಿ: ಈ ರೂಮು ಯಾವ ಕಟ್ಟಡದಲ್ಲಿದೆ, ಎಷ್ಟನೇ ಮಹಡಿ, ಲಿಫ್ಟ್ ಬಾಗಿಲವರೆಗೂ ಬರುತ್ತದೆಯೇ? ಉತ್ತರ ಬರಹದಲ್ಲೇ ಇರಲಿ. ಫೋನಲ್ಲಿ ಹೇಳಿದ ಮಾತು ಚೆಕ್-ಇನ್ ಹೊತ್ತಿಗೆ ನಿಲ್ಲುವುದಿಲ್ಲ. ಆ್ಯಪ್ ಮೂಲಕ ಬುಕ್ ಮಾಡಿದ್ದರೆ ವರ್ಗ ಬದಲಿಸುವುದು ಕಷ್ಟ; ಉಚಿತ ರದ್ದತಿಯ ಗಡುವಿನೊಳಗೆ ಹೊಸ ರೂಮು ಖಚಿತ ಮಾಡಿಕೊಂಡೇ ಹಳೆಯದನ್ನು ರದ್ದು ಮಾಡಿ. ದಿನದ ಬಾಡಿಗೆ 7,500 ರೂಪಾಯಿ ದಾಟಿದರೆ ಜಿಎಸ್‌ಟಿ 18% ಆಗುತ್ತದೆ, ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಅಪ್ಪಯ್ಯನಿಗೆ ಮಂಡಿನೋವು ಅಂದಿದ್ದೀರಲ್ಲ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಹಳೇ ಹವೇಲಿಗಳ (ಹಿಂದಿನ ಸಿರಿವಂತರ ದೊಡ್ಡ ಮನೆಗಳು) ಮೆಟ್ಟಿಲು ನಮ್ಮ ಮಲೆನಾಡಿನ ಮನೆಗಳ ಅಟ್ಟದ ಮೆಟ್ಟಿಲಿನಷ್ಟೇ ಕಡಿದಾಗಿರುತ್ತವೆ, ಎತ್ತರವೂ ಒಂದೇ ಸಮ ಇರುವುದಿಲ್ಲ. ಬಚ್ಚಲಿಗೂ ಎತ್ತರದ ಹೊಸ್ತಿಲು ಇರಬಹುದು. ಅಂಗಳಕ್ಕೆ ತೆರೆದುಕೊಳ್ಳುವ ನೆಲಮಹಡಿಯ ರೂಮು ಕೇಳಿ, ಬಚ್ಚಲಿನ ಫೋಟೋ ತರಿಸಿಕೊಂಡ ಮೇಲೆಯೇ ದುಡ್ಡು ಕಟ್ಟಿ.