ಕವಿಗೆ ಎಷ್ಟು ಭಾಷೆ ಬೇಕು?

ಪತ್ರ: ಹೋದ ಸಂಚಿಕೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಭಾರತೀಯ ಕವಿಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಕನ್ನಡ ಪತ್ರಿಕೆಗೆ ಈ ಉಸಾಬರಿ ಯಾಕೆ? ಕವಿತೆ ಹುಟ್ಟುವುದು ತಾಯ್ನುಡಿಯಲ್ಲಿ ಮಾತ್ರ. ಕುವೆಂಪು ಅವರಿಗೆ ಕಜಿನ್ಸ್ ಹೇಳಿದ ಬುದ್ಧಿಮಾತು ನಿಮಗೆ ನೆನಪಿಲ್ಲವೆ? ಎರವಲು ಭಾಷೆಯಲ್ಲಿ ಬರೆದವರು ಅಲ್ಲಿಗೂ ಸಲ್ಲುವುದಿಲ್ಲ, ಇಲ್ಲಿಗೂ ಸಲ್ಲುವುದಿಲ್ಲ. ಬೆಂಗಳೂರಿನಲ್ಲಿ ಓದುವ ನನ್ನ ಮೊಮ್ಮಗಳೂ ಇಂಗ್ಲಿಷಿನಲ್ಲೇ ಪದ್ಯ ಬರೆಯುತ್ತಾಳೆ. ನಿಮ್ಮ ಲೇಖನ ಅವಳಿಗೆ ಕುಮ್ಮಕ್ಕು ಕೊಟ್ಟ ಹಾಗಾಯಿತು.
— ನಿವೃತ್ತ ಶಿಕ್ಷಕಿ, ಶಿರಸಿ

ಸಂಪಾದಕರ ಉತ್ತರ:

ಅಕ್ಕೋರೆ, ನಮಸ್ಕಾರ. ಮಕ್ಕಳಿಗೆ ಕನ್ನಡ ಕಲಿಸುತ್ತಲೇ ಆಯುಷ್ಯ ಕಳೆದವರು ನೀವು. ಹಾಗಾಗಿ ನಮ್ಮ ಜಿಲ್ಲೆಯ ರೂಢಿಯಂತೆ ಅಕ್ಕೋರೆ ಎಂದೇ ಕರೆಯುತ್ತೇನೆ. ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕನ್ನಡದ ಬಗ್ಗೆ ಇಷ್ಟು ಕಾಳಜಿಯಿಂದ ಸಿಟ್ಟು ಮಾಡಿಕೊಳ್ಳುವವರು ಈಗ ಎಷ್ಟು ಜನ ಇದ್ದಾರೆ? ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು. ಆದರೆ ಮಾತನ್ನು ಒಪ್ಪಲು ಆಗಲಿಲ್ಲ. ಕಾರಣವನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕಾಗಿದೆ.

ಕಜಿನ್ಸ್ ಪ್ರಸಂಗ ನಿಜವೇ. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಒಂದು ಪುಟ್ಟ ಸಂಕಲನವೂ ಅಚ್ಚಾಗಿತ್ತು. ಐರ್ಲೆಂಡಿನ ಕವಿ ಜೇಮ್ಸ್ ಕಜಿನ್ಸ್ ಆ ಪದ್ಯಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು. ಅದರಿಂದ ಕನ್ನಡಕ್ಕೆ ಆದ ಲಾಭ ಎಂಥದ್ದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಈ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ಕುವೆಂಪು ಇಂಗ್ಲಿಷಿನಲ್ಲಿ ಪದ್ಯ ಬರೆಯುವುದನ್ನು ಬಿಟ್ಟರೇ ಹೊರತು ಇಂಗ್ಲಿಷನ್ನು ಬಿಡಲಿಲ್ಲ. ರಾಮಾಯಣ ದರ್ಶನಂ ಶುರುವಿನಲ್ಲಿ ವಾಲ್ಮೀಕಿ, ವ್ಯಾಸರ ಸಾಲಿನಲ್ಲೇ ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್ ಎಲ್ಲರಿಗೂ ಕೈಮುಗಿದರು. ಒಂದು ಭಾಷೆಯಲ್ಲಿ ಬರೆಯಲು ಅವರಿಗೆ ಇನ್ನೊಂದು ಭಾಷೆ ಬೇಕೇ ಇತ್ತು.

ಇನ್ನು ತಾಯ್ನುಡಿಯ ವಿಷಯ. ಬೇರೆ ಊರಿನವರು ಈ ಮಾತು ಹೇಳಿದರೆ ಸುಮ್ನೆ ಇರುತ್ತಿದ್ದೆ. ಉತ್ತರ ಕನ್ನಡದಲ್ಲಿ ಕೂತು ನಾವು ಹೀಗೆ ಹೇಳಬಹುದೇ? ಒಂದು ಬೆಳಿಗ್ಗೆ ಕಾರವಾರದ ಮೀನು ಪೇಟೆಗೆ ಹೋಗಿ ನಿಂತು ನೋಡಿ. ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸು ಬಂಗಡೆಯ ದರವನ್ನು ಒಬ್ಬರಿಗೆ ಕೊಂಕಣಿಯಲ್ಲಿ ಹೇಳುತ್ತಾಳೆ. ಮುಂದಿನ ಗಿರಾಕಿಗೆ ಅದೇ ದರ ಕನ್ನಡದಲ್ಲಿ. ಗೋವಾ ಕಡೆಯಿಂದ ಬಂದ ಪ್ರವಾಸಿಗೆ ಹಿಂದಿಯಲ್ಲಿ, ಅಲ್ಲಿ ಮಾತ್ರ ದರ ಸ್ವಲ್ಪ ಜಾಸ್ತಿ. ಪಕ್ಕದವಳು ಶೆಟ್ಲಿ (ಸಿಗಡಿ) ಪಾಲು ಹಾಕುವಾಗ ಕೈಯಾಡಿಸಿದರೆ ಬೈಗುಳ ಮತ್ತೆ ಕೊಂಕಣಿಗೆ ವಾಪಸ್. ಅವಳಿಗೆ ಯಾವ ಭಾಷೆಯೂ ಎರವಲು ಅಲ್ಲ. ಭಟ್ಕಳಕ್ಕೆ ಹೋದರೆ ಅಲ್ಲಿಯ ಮುಸ್ಲಿಮರ ಮನೆಮಾತು ನವಾಯತಿ ಕೇಳುತ್ತದೆ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕನ್ನಡ ಬೇರೆ, ನಿಮ್ಮ ಶಿರಸಿಯ ಹವ್ಯಕ ಮನೆಗಳ ಕನ್ನಡ ಬೇರೆ. ನೀವು ಶಾಲೆಯಲ್ಲಿ ಕಲಿಸಿದ ಪುಸ್ತಕದ ಕನ್ನಡ ಆ ಮಕ್ಕಳಲ್ಲಿ ಎಷ್ಟೋ ಜನರಿಗೆ ಎರಡನೆಯ ಭಾಷೆಯೇ ಆಗಿತ್ತು, ಅಲ್ವಾ?

ಗೋಕರ್ಣದ ಗೌರೀಶ ಕಾಯ್ಕಿಣಿ, ಅವರ ಮಗ ಜಯಂತ, ಹನೇಹಳ್ಳಿಯ ಗಂಗಾಧರ ಚಿತ್ತಾಲ, ಯಶವಂತ ಚಿತ್ತಾಲ. ಇವರೆಲ್ಲರ ಮನೆಮಾತು ಕೊಂಕಣಿ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ, ಪುತಿನ, ರಾಜರತ್ನಂ ಮನೆಯಲ್ಲಿ ತಮಿಳು. ಮಂಜೇಶ್ವರದ ಗೋವಿಂದ ಪೈಗಳದ್ದು ಕೊಂಕಣಿ. 2025ರಲ್ಲಿ ಕನ್ನಡಕ್ಕೆ ಅಂತರರಾಷ್ಟ್ರೀಯ ಬೂಕರ್ ತಂದ ಬಾನು ಮುಷ್ತಾಕ್ ಅವರ ಮನೆಮಾತು ಉರ್ದು. ತಾಯ್ನುಡಿಯಲ್ಲಿ ಬರೆದದ್ದು ಮಾತ್ರ ಸಾಹಿತ್ಯ ಎಂದು ಪಟ್ಟು ಹಿಡಿದರೆ ಇವರನ್ನೆಲ್ಲ ಎಲ್ಲಿಗೆ ಕಳಿಸುತ್ತೀರಿ?

ನಿಮ್ಮ ಊರಿನದ್ದೇ ಒಂದು ಕಥೆ ಹೇಳುತ್ತೇನೆ. ಗಿರೀಶ ಕಾರ್ನಾಡರು ಬೆಳೆದದ್ದು ಶಿರಸಿಯಲ್ಲಿ. ಮನೆಯಲ್ಲಿ ಕೊಂಕಣಿ, ತಂದೆ ಡಾಕ್ಟರು. ಊರಿಗೆ ಬರುವ ನಾಟಕ ಕಂಪನಿಗಳು, ಬಯಲಲ್ಲಿ ಇಡೀ ರಾತ್ರಿ ಯಕ್ಷಗಾನ. ಆ ಹುಡುಗ ದೊಡ್ಡವನಾಗಿ ಕಂಡ ಕನಸು ಏನು ಗೊತ್ತೇ? ಇಂಗ್ಲಿಷ್ ಕವಿಯಾಗಬೇಕು ಎಂದು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಹುಡುಗ ವಾಪಸ್ ಬರುತ್ತಾನೋ ಇಲ್ಲವೋ ಎಂಬ ತಳಮಳ ಮನೆಯಲ್ಲಿ. ಅದೇ ಹೊತ್ತಿಗೆ ಅವರು ಬರೆದದ್ದು ಯಯಾತಿ. ಅದು ಕವಿತೆಯಲ್ಲ, ನಾಟಕ. ಇಂಗ್ಲಿಷಲ್ಲ, ಕನ್ನಡ. ಅದು ತಮಗೇ ಅಚ್ಚರಿ ಎಂದು ಅವರು ಮುಂದೆ ಹೇಳಿಕೊಂಡರು. ಇಂಗ್ಲಿಷ್ ಓದಿನ ಜತೆಗೇ ಶಿರಸಿಯ ಆ ರಾತ್ರಿಗಳೂ ಅವರೊಳಗೆ ಬೆಳೆದಿದ್ದವು. ಆಮೇಲೆ ತಮ್ಮ ನಾಟಕಗಳನ್ನು ತಾವೇ ಇಂಗ್ಲಿಷಿಗೂ ತಂದರು. ಅವರನ್ನು ಅಲ್ಲಿಗೂ ಇಲ್ಲಿಗೂ ಸಲ್ಲದವರು ಎಂದು ಹೇಳಲು ನಿಮಗೇ ಮನಸ್ಸು ಬರುವುದಿಲ್ಲ.

ಕಾರವಾರದಲ್ಲಿ ಕೂತು ಈ ವಿಷಯ ಬರೆಯುವಾಗ ಠಾಕೂರರನ್ನು ಬಿಟ್ಟು ಮುಂದೆ ಹೋಗಲಾರೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ರವೀಂದ್ರರು ಇಲ್ಲಿ ಬಂದು ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಶಿವಾಜಿ ಕಾಲದ ಗುಡ್ಡದ ಕೋಟೆಯ ಹತ್ತಿರ ಇಳಿದರಂತೆ. ಅಲ್ಲೊಬ್ಬ ರೈತನ ಮನೆ, ಗುಡಿಸಿ ಚೊಕ್ಕಟ ಮಾಡಿದ ಅಂಗಳ. ಗೋಡೆ ದಾಟಿ ಬೆಳದಿಂಗಳು ಬೀಳುತ್ತಿದ್ದ ಕಡೆ ಕೂತು ಬುತ್ತಿ ಬಿಚ್ಚಿದರು. ವಾಪಸ್ ಬರುವಾಗ ನದಿ ಕಡಲು ಸೇರುವಲ್ಲಿ ದೋಣಿ ಬಿಟ್ಟು ಮರಳ ಮೇಲೆ ನಡೆದೇ ಮನೆ ಸೇರಿದರು. ನಡುರಾತ್ರಿ. ಗಾಳಿ ಮರಗಳೂ ಸದ್ದಿಲ್ಲದೆ ನಿಂತಿದ್ದವು. ಆ ರಾತ್ರಿಯೇ ಒಂದು ಕವಿತೆ ಬರೆದರು. ಪ್ರಕೃತಿರ್ ಪ್ರತಿಶೋಧ್ ಎಂಬ ನಾಟಕವೂ ಕಾರವಾರದಲ್ಲೇ ಹುಟ್ಟಿತು.

ನಮ್ಮ ಕಾಳಿ, ನಮ್ಮ ಮರಳು, ನಮ್ಮ ಬೆಳದಿಂಗಳು. ಕವಿತೆ ಮಾತ್ರ ಬಂಗಾಳಿ. ಆ ನಾಟಕವನ್ನು ಮುಂದೆ ಅವರೇ ಇಂಗ್ಲಿಷಿಗೆ ತಂದರು. 1912ರ ಇಂಗ್ಲಿಷ್ ಗೀತಾಂಜಲಿಯೂ ಅವರದೇ ಅನುವಾದ. ಮಾರನೆಯ ವರ್ಷ ನೊಬೆಲ್ ಬಂತು. ಬಂಗಾಳಿಯ ಸೊಗಸು ಅದರಲ್ಲಿಲ್ಲ ಎಂದು ಬಂಗಾಳಿ ಬಲ್ಲವರು ಇವತ್ತಿಗೂ ನೊಂದು ಹೇಳುತ್ತಾರೆ. ನಿಜವಿರಬಹುದು. ಆದರೆ ಆ ಇಂಗ್ಲಿಷ್ ಇಲ್ಲದಿದ್ದರೆ ಬಂಗಾಳಿ ಗೊತ್ತಿಲ್ಲದ ನಮ್ಮ ಹಿರಿಯರಿಗೆ ಠಾಕೂರರು ಸಿಗುವುದು ಎಷ್ಟು ತಡವಾಗುತ್ತಿತ್ತು?

ಹೋದ ಸಂಚಿಕೆಯ ಲೇಖನದಲ್ಲಿ ನಿಮಗೆ ಬೇಸರ ತರಿಸಿದ ಹೆಸರು ಎ.ಕೆ. ರಾಮಾನುಜನ್ ಅವರದು ಎಂದು ಕಾಣುತ್ತದೆ. ದಯವಿಟ್ಟು ಅವರನ್ನು ಇನ್ನೊಮ್ಮೆ ಓದಿ. ಮೈಸೂರಿನ ಮನೆ. ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾದ ಅಪ್ಪ, ಅಲ್ಲಿ ಇಂಗ್ಲಿಷ್ ಮತ್ತು ಸಂಸ್ಕೃತ. ಕೆಳಗೆ ಅಮ್ಮ, ಅಡಿಗೆಮನೆ, ತಮಿಳು. ಬಾಗಿಲು ದಾಟಿ ಬೀದಿಗೆ ಬಂದರೆ ಕನ್ನಡ. 1950ರ ದಶಕದಲ್ಲಿ ನಮ್ಮ ಪಕ್ಕದ ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತ, ಆ ಕಡೆಯ ಅಜ್ಜಿಯರು ಹೇಳುವ ಕಥೆಗಳನ್ನು ಬರೆದಿಟ್ಟುಕೊಂಡರು. ಶಿಕಾಗೋಕ್ಕೆ ಹೋಗಿ ಅಲ್ಲೇ ನೆಲೆಸಿದ ಮೇಲೂ ಕನ್ನಡದಲ್ಲಿ ಬರೆಯುವುದು ಬಿಡಲಿಲ್ಲ. 1966ರಲ್ಲಿ ಇಂಗ್ಲಿಷ್ ಸಂಕಲನ ಬಂತು. 1969ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ‘ಹೊಕ್ಕುಳಲ್ಲಿ ಹೂವಿಲ್ಲ’ ಬಂತು. ಇದರ ಪದ್ಯಗಳು ಅದರ ಅನುವಾದವಲ್ಲ, ಇವುಗಳ ಉಸಿರೇ ಬೇರೆ. 1973ರಲ್ಲಿ ಬಸವಣ್ಣ, ದಾಸಿಮಯ್ಯ, ಅಕ್ಕ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದರು. ಉಳ್ಳವರು ಶಿವಾಲಯ ಮಾಡುವರು ಎಂದದ್ದು ಜಗತ್ತಿನ ಯಾವ್ಯಾವುದೋ ಮೂಲೆಗೆ ಮುಟ್ಟಿತು. ಒಂದೇ ಭಾಷೆ ಬಲ್ಲವರಿಂದ ಈ ಕೆಲಸ ಆಗುತ್ತಿತ್ತೇ? ನಮ್ಮ ವಚನಗಳನ್ನು ಹೊತ್ತು ಅಷ್ಟು ದೂರ ನಡೆದವರನ್ನು ಇಲ್ಲಿಯವರಲ್ಲ ಎಂದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಅರುಣ್ ಕೊಲಟ್ಕರ್ ಅವರದ್ದೂ ಇದೇ ಕಥೆ. ಪುಣೆಯ ಹತ್ತಿರದ ಜೇಜುರಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಕಾವ್ಯ ಬರೆದರು. ಅಲ್ಲಿಯ ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ. ಆ ಪುಸ್ತಕಕ್ಕೆ 1977ರಲ್ಲಿ ಕಾಮನ್‌ವೆಲ್ತ್ ಕಾವ್ಯ ಬಹುಮಾನ ಬಂತು. ಅದೇ ವರ್ಷ ಅವರ ಮರಾಠಿ ಕವಿತೆಗಳ ಸಂಕಲನವೂ ಹೊರಬಂತು. ತೀರಿಹೋದ ಮೇಲೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿದ್ದು ಮರಾಠಿ ಪುಸ್ತಕಕ್ಕೆ. ಅವರ ಗೆಳೆಯ ದಿಲೀಪ್ ಚಿತ್ರೆ ತುಕಾರಾಮನನ್ನು ಇಂಗ್ಲಿಷಿಗೆ ಒಯ್ದರು. ಕಮಲಾ ದಾಸ್ ಇಂಗ್ಲಿಷಿನಲ್ಲಿ ಪದ್ಯ ಬರೆದರು, ಮಲಯಾಳದಲ್ಲಿ ಮಾಧವಿಕುಟ್ಟಿಯಾಗಿ ಕಥೆ ಬರೆದರು. ಕಟಕ್‌ನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಜಯಂತ ಮಹಾಪಾತ್ರರಿಗೆ 1981ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಇಂಗ್ಲಿಷ್ ಕಾವ್ಯಕ್ಕೆ ಅದು ಸಂದದ್ದು ಅದೇ ಮೊದಲು. ಅಷ್ಟಾದ ಮೇಲೂ ಅವರು ಒಡಿಯಾದಲ್ಲಿ ಬರೆಯತೊಡಗಿದರು. ಹೆಸರು ಬಂದ ಮೇಲೆ ಊರಿನ ಭಾಷೆಗೆ ಬಂದವರು ಅವರು. ಅಕ್ಕೋರೆ, ಅದು ನಿಮಗೆ ಸಂತೋಷ ಕೊಡಬೇಕಾದ ವಿಷಯ.

ನಿಮ್ಮ ಮಾತಿನಲ್ಲಿ ಸತ್ಯವೇ ಇಲ್ಲ ಎನ್ನುವುದಿಲ್ಲ. 1963ರಲ್ಲಿ ಬಂಗಾಳಿಯ ದೊಡ್ಡ ಕವಿ ಬುದ್ಧದೇವ ಬಸು, ಭಾರತೀಯರ ಇಂಗ್ಲಿಷ್ ಕಾವ್ಯ ಎಲ್ಲಿಗೂ ಮುಟ್ಟದ ಓಣಿ ಎಂದು ಖಂಡಿಸಿದ್ದರು. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರು ಮುಂಬಯಿಯಲ್ಲಿ ಹಡಗು ಕಾರ್ಮಿಕರ ನಡುವೆ ಕೆಲಸ ಮಾಡಿದವರು, ಇಂಗ್ಲಿಷ್ ಚೆನ್ನಾಗಿ ಬಲ್ಲವರು. ಬರೆದದ್ದು ಕನ್ನಡದ ಚೌಪದಿ, ಹಳ್ಳಿಯ ಜನ ಬಾಯಿಪಾಠ ಮಾಡಿಕೊಳ್ಳುವಂಥದ್ದು. ಅದು ಅವರ ಆಯ್ಕೆ. ಅದಕ್ಕೆ ನನ್ನ ಗೌರವವಿದೆ. ಆದರೆ ಎಲ್ಲರಿಗೂ ಅದೇ ದಾರಿ ಎಂದು ಬೇಲಿ ಹಾಕಬೇಡಿ.

ನನಗೆ ತಕರಾರಿರುವುದು ಬೇರೆಯವರ ಮೇಲೆ. ಇಂಗ್ಲಿಷ್ ಬಿಟ್ಟು ಬೇರೆ ಏನನ್ನೂ ಓದದೆ ತಾವೇ ಭಾರತದ ಕವಿಗಳು ಎಂದು ಮೆರೆಯುವವರ ಮೇಲೆ. ಹಿಂದೊಮ್ಮೆ ಒಂದು ದೊಡ್ಡ ಸಾಹಿತ್ಯ ಉತ್ಸವಕ್ಕೆ ನಮ್ಮ ಜಿಲ್ಲೆಯ ಹಿರಿಯ ಕವಿಯೊಬ್ಬರನ್ನು ಕರೆದಿದ್ದರು. ಜತೆಗೆ ನಾನೂ ಹೋಗಿದ್ದೆ. ಕನ್ನಡ ಕವಿತೆಯ ಇಂಗ್ಲಿಷ್ ಅನುವಾದ ನೀವೇ ಮಾಡಿಕೊಂಡು ಬನ್ನಿ ಎಂದು ಮೊದಲೇ ತಿಳಿಸಿದ್ದರು. ಅವರು ಹೇಗೋ ಮಾಡಿಸಿಕೊಂಡು ಬಂದರು. ವೇದಿಕೆಯ ಮೇಲೆ ಸಿಕ್ಕಿದ್ದು ಐದು ನಿಮಿಷ. ಅನುವಾದ ಓದಿ ಸಾಕು, ಕನ್ನಡ ಬೇಡ, ಹೊತ್ತಾಯಿತು ಎಂದರು. ಅವರ ನಂತರ ಬಂದ ಯುವಕ ಇಂಗ್ಲಿಷಿನಲ್ಲಿ ಮುಕ್ಕಾಲು ತಾಸು ಓದಿದ. ತನ್ನ ಅಜ್ಜಿಯ ಊರಿನ ಬಗ್ಗೆಯೇ ಪದ್ಯ. ಅಜ್ಜಿಯ ಭಾಷೆ ಬರುತ್ತದೆಯೇ ಎಂದು ಊಟದ ಹೊತ್ತಿಗೆ ಕೇಳಿದೆ. ಇಲ್ಲ, ಅದರ ಅಗತ್ಯ ಬೀಳಲಿಲ್ಲ ಎಂದ. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದು ಅವನ ತಪ್ಪಲ್ಲ. ಇನ್ನೊಂದು ಬಾಗಿಲನ್ನು ಅವನು ತಟ್ಟಲೇ ಇಲ್ಲ.

ನಿಮ್ಮ ಮೊಮ್ಮಗಳ ಮಾತಿಗೆ ಬರುತ್ತೇನೆ. ಅವಳನ್ನು ಗದರಬೇಡಿ. ಪದ್ಯ ಬರೆಯುವ ಮಕ್ಕಳೇ ಕಡಿಮೆ. ರಜೆಗೆ ಶಿರಸಿಗೆ ಬಂದಾಗ ಹತ್ತಿರ ಕೂರಿಸಿಕೊಂಡು ಅವಳ ಪದ್ಯ ಓದಿಸಿ. ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳು ಅನ್ನಿ. ಹೇಳಲು ತಡವರಿಸಿದರೆ ತಡವರಿಸಲಿ. ಆಮೇಲೆ ನಿಮಗೆ ಗೊತ್ತಿರುವ ಮದುವೆ ಹಾಡು, ಲಾಲಿ ಹಾಡು ಹೇಳಿ, ಅವಳ ಕೈಯಲ್ಲಿ ಬರೆಸಿ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಗೆ ಹೋದವರಲ್ಲ. ಸಾವಿರಾರು ಹಾಲಕ್ಕಿ ಹಾಡು ಅವರ ಕೊರಳಲ್ಲಿದ್ದವು. 2017ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಹಾರ ಹಾಕಿದೆವು. 2025ರಲ್ಲಿ ಅವರು ತೀರಿಕೊಂಡರು. ನಮ್ಮ ಜಿಲ್ಲೆಯ ಎಷ್ಟು ಕವಿಗಳು ಅವರ ಎದುರು ಕೂತು ಒಂದು ಹಾಡನ್ನಾದರೂ ಪೂರ್ತಿ ಕಲಿತರು? ಕನ್ನಡದಲ್ಲಿ ಬರೆಯುವವರೂ ಕಲಿಯಲಿಲ್ಲ. ಬರೀ ಇಂಗ್ಲಿಷಿನವರನ್ನು ಬೈದು ಏನು ಬಂತು?

ಅನುವಾದಕರನ್ನು ನಾವು ನಡೆಸಿಕೊಳ್ಳುವ ರೀತಿ ಅದಕ್ಕಿಂತ ಬೇಸರ. ಬಾನು ಮುಷ್ತಾಕ್ ಅವರ ಜತೆ ದೀಪಾ ಭಾಸ್ತಿ ಅವರಿಗೂ ಬೂಕರ್ ಹಣದಲ್ಲಿ ಸಮಪಾಲು ಸಿಕ್ಕಿತು. ಜಯಂತ ಕಾಯ್ಕಿಣಿ ಅವರ ಕಥೆಗಳಿಗೆ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಬಹುಮಾನ ಬಂದಾಗ ಅನುವಾದಿಸಿದ ತೇಜಸ್ವಿನಿ ನಿರಂಜನ ಅವರೂ ಅದರ ಪಾಲುದಾರರು. ಕಥೆಗೆ ಈ ಭಾಗ್ಯ ಬಂದಿದೆ, ಕವಿತೆಗೆ ಇನ್ನೂ ಬಂದಿಲ್ಲ. ನಮ್ಮಲ್ಲಿ ಕವಿತೆ ಅನುವಾದಿಸಿದವರ ಹೆಸರು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಒಮ್ಮೊಮ್ಮೆ ಅದೂ ಇಲ್ಲ. ಗೌರವಧನದ ಮಾತು ಯಾರೂ ಎತ್ತುವುದಿಲ್ಲ. ಕಾಳಿ ಸೇತುವೆ ದಾಟಿದರೆ ಗೋವಾ ಹತ್ತಿರ. ಅಲ್ಲಿಯ ಬಾಕಿಬಾಬ್ ಬೋರಕರ್ ಮರಾಠಿ, ಕೊಂಕಣಿ ಎರಡರಲ್ಲೂ ದೊಡ್ಡ ಕವಿ. ನಮ್ಮ ಕಾಲೇಜಿನ ಹುಡುಗರಿಗೆ ವರ್ಡ್ಸ್‌ವರ್ತ್ ಗೊತ್ತು, ಬೋರಕರ್ ಹೆಸರು ಗೊತ್ತಿಲ್ಲ.

ಹಾಗಾಗಿ ಮುಂದಿನ ಸಂಚಿಕೆಯಿಂದ ಎರಡು ಪುಟ ಅನುವಾದಕ್ಕೇ ಮೀಸಲು. ಕೊಂಕಣಿ, ಮರಾಠಿ, ನವಾಯತಿ, ಇಂಗ್ಲಿಷ್, ಯಾವುದರಿಂದಲಾದರೂ ಕನ್ನಡಕ್ಕೆ ತಂದು ಕಳಿಸಬಹುದು. ಮೂಲ ಕವಿತೆಯೂ ಪಕ್ಕದಲ್ಲೇ ಅಚ್ಚಾಗುತ್ತದೆ. ಕವಿಗೆ ಕೊಡುವಷ್ಟೇ ಗೌರವಧನ ಅನುವಾದಕರಿಗೂ ಕೊಡುತ್ತೇವೆ, ಹೆಸರು ಕವಿಯ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಕೈಬರಹದಲ್ಲಿದ್ದರೂ ನಡೆಯುತ್ತದೆ.