ಅಡುಗೆಮನೆ ಪ್ರಶ್ನೋತ್ತರ: ಬೇಲದ ಹಣ್ಣು ಬಂತು, ಪಾನಕ ಕದಡೋಣ

ಬಿಸಿಲು ಏರಿದ್ದೇ ತಡ, ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪಾನಕದ್ದೇ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ರಾಮನವಮಿಗೆ ಬೇಲದ ಹಣ್ಣಿನ ಪಾನಕ ಮಾಡಿದರೆ ಪ್ರತಿ ಸಲವೂ ಒಗರು. ಗಂಟಲು ಹಿಡಿದ ಹಾಗಾಗುತ್ತದೆ. ಬೆಲ್ಲ ಜಾಸ್ತಿ ಹಾಕಿದರೂ ಹೋಗುವುದಿಲ್ಲ. ನಮ್ಮತ್ತೆ ಮಾಡುತ್ತಿದ್ದ ಪಾನಕ ಹೀಗಿರಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?
— ಓದುಗರು, ಹಾಸನ

ಬೆಲ್ಲದಿಂದ ಒಗರು ಹೋಗುವುದಿಲ್ಲ. ನಿಮಗೆ ಸಿಗುತ್ತಿರುವುದು ಹಣ್ಣಲ್ಲ, ಬಲಿತ ಕಾಯಿ. ಬೇಲದ ತೊಂದರೆಯೇ ಇದು. ಮಾವಿನ ಹಾಗೆ ಹೊರಗಿನ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಕಾಯಿಯಾದರೂ ಹಣ್ಣಾದರೂ ಅದೇ ಬೂದು ಬಿಳಿ, ಅದೇ ಒರಟು ಚಿಪ್ಪು.

ನನ್ನ ತವರು ಕೊಳ್ಳೇಗಾಲದ ಕಡೆ. ಅಲ್ಲಿ ಹೊಲದ ಬದುಗಳಲ್ಲಿ ಬೇಲದ ಮರ ಇರುತ್ತಿತ್ತು. ಮುಳ್ಳಿನ ಮರ, ಹತ್ತಿ ಕೀಳುವ ಹಾಗಿಲ್ಲ. ತಾನಾಗಿ ಉದುರಿದ್ದನ್ನೇ ಆರಿಸಿ ತರುತ್ತಿದ್ದೆವು, ಅದು ಹಣ್ಣಾಗಿಯೇ ಇರುತ್ತಿತ್ತು. ಮಾರುಕಟ್ಟೆಗೆ ಬರುವುದರಲ್ಲಿ ಮೊದಲೇ ಬಡಿದು ಕೆಡವಿದ ಕಾಯಿಯೂ ಬೆರೆತಿರುತ್ತದೆ. ಆದ್ದರಿಂದ ಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ಒಂದು, ತೊಟ್ಟಿನ ಹತ್ತಿರ ಮೂಸಿ ನೋಡಿ. ಹಣ್ಣಾಗಿದ್ದರೆ ಹುಳಿ ಸಿಹಿ ಬೆರೆತ ಗಾಢವಾದ ವಾಸನೆ ಚಿಪ್ಪಿನ ಹೊರಗೇ ಬಡಿಯುತ್ತದೆ. ಎರಡು, ಒಂದಡಿ ಎತ್ತರದಿಂದ ನೆಲಕ್ಕೆ ಬಿಡಿ. ಕಾಯಿ ಪುಟಿಯುತ್ತದೆ. ಹಣ್ಣು ದೊಪ್ಪೆಂದು ಬಿದ್ದು ಅಲ್ಲೇ ಕೂರುತ್ತದೆ. ಹೀಗೆ ನೋಡಿ ಕೊಂಡರೆ ಮಾರುವವರು ಏನೂ ಅಂದುಕೊಳ್ಳುವುದಿಲ್ಲ, ಅವರೂ ಹಾಗೆಯೇ ಆರಿಸುವುದು.

ಕಾಯಿಯೇ ಸಿಕ್ಕಿದರೆ ಅಕ್ಕಿ ಡಬ್ಬದಲ್ಲಿ ಹುದುಗಿಸಿ ಇಡಿ. ದಿನಾ ಒಮ್ಮೆ ತೆಗೆದು ಮೂಸಿ. ವಾಸನೆ ಬರುವ ತನಕ ಒಡೆಯಬೇಡಿ. ಹಬ್ಬದ ಹಿಂದಿನ ದಿನ ಮಾರುಕಟ್ಟೆಗೆ ಓಡಿದರೆ ಇದು ಆಗುವುದಿಲ್ಲ, ಒಂದು ವಾರ ಮೊದಲೇ ತಂದಿಡಿ.

ಒರಳಿನ ಅಂಚಿಗೋ ಹೊಸಿಲಿಗೋ ಒಂದೇಟು ಹೊಡೆದರೆ ಎರಡು ಹೋಳಾಗುತ್ತದೆ. ಒಳಗೆ ನೋಡಿ. ತಿರುಳು ಬಿಳಿಚಿಕೊಂಡು ಗಟ್ಟಿಯಾಗಿ ಚಿಪ್ಪಿಗೆ ಅಂಟಿದ್ದರೆ ಅದು ಇನ್ನೂ ಕಾಯಿ, ಪಾನಕಕ್ಕೆ ಬೇಡವೇ ಬೇಡ. ಅದಕ್ಕೆ ಹಸಿಮೆಣಸು, ಉಪ್ಪು, ಬೆಲ್ಲ ಸೇರಿಸಿ ಚಟ್ನಿ ಅರೆಯಿರಿ, ಅನ್ನಕ್ಕೆ ಬಹಳ ಚೆನ್ನಾಗಿರುತ್ತದೆ. ತಿರುಳು ಕಡು ಕಂದು ಬಣ್ಣಕ್ಕೆ ತಿರುಗಿ, ಹುಣಸೆಹಣ್ಣಿನ ಹಾಗೆ ಮೆತ್ತಗಾಗಿ, ಚಮಚ ಹಾಕಿದರೆ ಸುಲಭವಾಗಿ ಬಿಟ್ಟುಕೊಂಡರೆ ಪಾನಕಕ್ಕೆ ಸರಿ.

ಒಂದು ಮಧ್ಯಮ ಗಾತ್ರದ ಹಣ್ಣಿನ ತಿರುಳಿಗೆ ಎರಡು ಲೋಟ ನೀರು ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ. ಆಮೇಲೆ ಕೈಯಲ್ಲೇ ಕಿವುಚಿ. ದಯವಿಟ್ಟು ಮಿಕ್ಸಿಗೆ ಹಾಕಬೇಡಿ! ತಿರುಳಿನ ತುಂಬ ಸಣ್ಣ ಬೀಜಗಳಿವೆ. ಅವು ನುರಿದರೆ ಪಾನಕ ಕಹಿಯಾಗುತ್ತದೆ, ನಾರೂ ಹಿಟ್ಟಾಗಿ ಬೆರೆತು ನಾಲಿಗೆಗೆ ಸಿಗುತ್ತದೆ. ನಿಮ್ಮ ಗಂಟಲು ಹಿಡಿಯುವುದರಲ್ಲಿ ಇದರ ಪಾಲೂ ಇರಬಹುದು. ಅತ್ತೆಯವರು ಕೈಯಲ್ಲೇ ಕಿವುಚುತ್ತಿದ್ದರು ಅಲ್ವಾ? ದೊಡ್ಡ ಕಣ್ಣಿನ ಜರಡಿಯಲ್ಲಿ ಸೋಸಿ, ಉಳಿದ ನಾರಿಗೆ ಇನ್ನೊಂದು ಲೋಟ ನೀರು ಹಾಕಿ ಮತ್ತೊಮ್ಮೆ ಕಿವುಚಿ ಸೋಸಿ.

ಮುಕ್ಕಾಲು ಕಪ್ ಪುಡಿ ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ನೀರಿಗೆ ಕರಗಿಸಿ, ಬಟ್ಟೆಯಲ್ಲಿ ಸೋಸಿ ಸೇರಿಸಿ. ಮರಳು, ಕಬ್ಬಿನ ಚೂರು ತಳದಲ್ಲೇ ಉಳಿಯುತ್ತವೆ. ತೀರಾ ಹಳದಿಯಾಗಿ ಹೊಳೆಯುವ ಬೆಲ್ಲ ಬಿಡಿ, ಕಂದು ಬೆಲ್ಲದ ರುಚಿಯೇ ಬೇಲಕ್ಕೆ ಹೊಂದುವುದು. ನಾಲ್ಕು ಏಲಕ್ಕಿ, ಆರೇಳು ಕಾಳುಮೆಣಸು ಕುಟ್ಟಿ ಹಾಕಿ. ಚಿಟಿಕೆ ಶುಂಠಿಪುಡಿ, ಚಿಟಿಕೆ ಉಪ್ಪು. ಉಪ್ಪು ಮಾತ್ರ ಮರೆಯಬೇಡಿ, ಹುಳಿ ಸಿಹಿ ಎರಡನ್ನೂ ಅದು ಎತ್ತಿ ಕೊಡುತ್ತದೆ. ಕೆಲವರು ಪಚ್ಚಕರ್ಪೂರ ಹಾಕುತ್ತಾರೆ. ನಾನು ಹಾಕುವುದಿಲ್ಲ, ಬೇಲದ ಸ್ವಂತ ಪರಿಮಳ ಮುಚ್ಚಿಹೋಗುತ್ತದೆ.

ತಣ್ಣಗೆ ಬೇಕೆಂದರೆ ಮಣ್ಣಿನ ಹೂಜಿಯ ನೀರು ಸಾಕು. ಐಸ್ ಹಾಕಿದರೆ ಕರಗಿ ಪಾನಕ ಸಪ್ಪೆಯಾಗುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಮಾಡಬೇಡಿ, ಹುಳಿ ಲೋಹವನ್ನು ತಿನ್ನುತ್ತದೆ. ಸ್ಟೀಲು ಇಲ್ಲವೇ ಮಣ್ಣಿನ ಪಾತ್ರೆ ಒಳ್ಳೆಯದು. ಮಾಡಿದ ದಿನವೇ ಖಾಲಿ ಮಾಡಿ.

ಪ್ರಶ್ನೆ: ಬೇಲ, ಬಿಲ್ವ ಎರಡೂ ಒಂದೇನಾ? ಅಂಗಡಿಯವರು ಒಂದೇ ಎನ್ನುತ್ತಾರೆ.
— ಓದುಗರು, ತುಮಕೂರು

ಒಂದೇ ಅಲ್ಲ. ಎರಡೂ ನಿಂಬೆಯ ಕುಟುಂಬದವು, ಅಷ್ಟೇ ನಂಟು. ಶಿವನಿಗೆ ಏರಿಸುವ ಮೂರೆಲೆಯ ಪತ್ರೆ ಬಿಲ್ವದ್ದು. ಅದರ ಹಣ್ಣಿನ ಸಿಪ್ಪೆ ನುಣುಪು, ತಿರುಳು ಹಳದಿ, ಬೀಜದ ಸುತ್ತ ಅಂಟು. ಬೇಲದ್ದು ಒರಟು ಚಿಪ್ಪು, ಕಂದು ತಿರುಳು, ಜೊತೆಗೆ ಹುಳಿ. ಬಿಲ್ವದಲ್ಲೂ ಶರಬತ್ತು ಮಾಡುತ್ತಾರೆ. ಅದು ಸಿಹಿ ಹಣ್ಣು, ಬೆಲ್ಲ ಕಡಿಮೆ ಸಾಕು.

ಪ್ರಶ್ನೆ: ಕರಬೂಜದ ಹಣ್ಣಿಗೆ ಹಾಲು ಸಕ್ಕರೆ ಹಾಕಿ ರುಬ್ಬಿ ಫ್ರಿಜ್‌ನಲ್ಲಿ ಇಟ್ಟಿದ್ದೆ. ಸಂಜೆ ಮಕ್ಕಳು ಸ್ಕೂಲಿಂದ ಬಂದು ಕುಡಿದರೆ ಕಹಿ! ಹಣ್ಣು ಕೆಟ್ಟಿತ್ತಾ?
— ಓದುಗರು, ದಾವಣಗೆರೆ

ಹಣ್ಣು ಚೆನ್ನಾಗಿಯೇ ಇದ್ದಿರಬೇಕು. ಕರಬೂಜದಲ್ಲಿರುವ ಒಂದು ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಇಟ್ಟಷ್ಟೂ ಕಹಿ ಏರುತ್ತದೆ. ಹಾಲು ಹಾಕಿದರೆ ಆಗಲೇ ಕುಡಿದುಬಿಡಬೇಕು. ಸಂಜೆಗೆ ಇಡಬೇಕಿದ್ದರೆ ಹಾಲು ಬಿಟ್ಟು ನಮ್ಮ ಹಳೆಯ ದಾರಿಯೇ ಹಿಡಿಯಿರಿ. ಹಣ್ಣನ್ನು ಸಣ್ಣಗೆ ಹೆಚ್ಚಿ, ಬೆಲ್ಲದ ಪುಡಿ ಏಲಕ್ಕಿ ಬೆರೆಸಿ ಒಂದು ಗಂಟೆ ಬಿಡಿ. ಅದೇ ನೀರು ಬಿಟ್ಟುಕೊಳ್ಳುತ್ತದೆ. ಕುಡಿಯುವ ಮುಂಚೆ ತೆಂಗಿನ ಹಾಲು ಸೇರಿಸಿದರೆ ಆ ರುಚಿಗೆ ಯಾವ ಮಿಲ್ಕ್‌ಶೇಕೂ ಸಾಟಿಯಲ್ಲ. ನಾನು ಹಣ್ಣನ್ನು ಪೂರ್ತಿ ಅರೆಯುವುದಿಲ್ಲ, ಅಲ್ಲಲ್ಲಿ ಹೋಳು ಬಾಯಿಗೆ ಸಿಗಬೇಕು.

ಇನ್ನೊಂದು ಮಾತು. ಹೆಚ್ಚುವ ಮುಂಚೆ ಹಣ್ಣಿನ ಹೊರಸಿಪ್ಪೆ ಉಜ್ಜಿ ತೊಳೆಯಿರಿ. ಆ ಬಲೆಯಂಥ ಸಿಪ್ಪೆಯಲ್ಲಿ ಮಣ್ಣು ಕೂತಿರುತ್ತದೆ, ಚಾಕುವಿನ ಜೊತೆ ನೇರವಾಗಿ ಒಳಗೆ ಹೋಗುತ್ತದೆ.

ಪ್ರಶ್ನೆ: ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ಬೆಲ್ಲದ ಪಾನಕ ಆದರೆ ಪರವಾಗಿಲ್ಲ ತಾನೇ?
— ಓದುಗರು, ಮಂಡ್ಯ

ಇಲ್ಲ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಇದರಲ್ಲಿ ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಅವರಿಗೆ ನೀರು ಮಜ್ಜಿಗೆ ಕೊಡಿ, ಶುಂಠಿ ಕರಿಬೇವು ಇಂಗು ಹಾಕಿ. ನಿಂಬೆರಸಕ್ಕೆ ಉಪ್ಪು, ಹುರಿದ ಜೀರಿಗೆಪುಡಿ ಹಾಕಿದರೂ ಆದೀತು. ರಕ್ತದೊತ್ತಡವೂ ಇದ್ದರೆ ಉಪ್ಪು ಎಷ್ಟು ಎಂದು ಡಾಕ್ಟರನ್ನು ಕೇಳಿ. ಹಬ್ಬದ ದಿನ ತೀರ್ಥದಷ್ಟು ಪಾನಕ ಕೊಟ್ಟರೆ ಅವರಿಗೂ ಬೇಜಾರಾಗುವುದಿಲ್ಲ.

ಪ್ರಶ್ನೆ: ಬಿಸಿಲಿಗೆ ಮಗುವಿಗೆ ಭೇದಿ ಶುರುವಾದರೆ ನಿಂಬೆ ಪಾನಕ ಕೊಡಬಹುದಾ?
— ಓದುಗರು, ಕಲಬುರಗಿ

ಆಗ ಪಾನಕ ಬೇಡ. ಸಿಹಿ ಜಾಸ್ತಿಯಾದರೆ ಭೇದಿ ಇನ್ನೂ ಏರುತ್ತದೆ. ಔಷಧಿ ಅಂಗಡಿಯಿಂದ ಓಆರ್‌ಎಸ್ ಪುಡಿ ತಂದು, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ, ಚಮಚ ಚಮಚವಾಗಿ ಕುಡಿಸಿ. ಪುಡಿ ಸಿಗುವ ತನಕ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಹೆಚ್ಚು ಕಡಿಮೆ ಆಗಬಾರದು. ಎದೆಹಾಲು ಕುಡಿಯುವ ಮಗುವಾದರೆ ಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಊರಿಂದ ಒಣ ಪುನರ್ಪುಳಿ ಕಳಿಸಿದ್ದಾರೆ. ಶರಬತ್ತು ಮಾಡಿದರೆ ಬರೀ ಉಪ್ಪು. ಬಣ್ಣವೂ ಊರಲ್ಲಿ ಕುಡಿದಷ್ಟು ಕೆಂಪಿಲ್ಲ.
— ಪುತ್ತೂರಿನ ಓದುಗರು, ಈಗ ಬೆಂಗಳೂರು

ಅವರು ಕಳಿಸಿರುವುದು ಸಾರಿಗೆಂದು ಉಪ್ಪು ಹಾಕಿ ಒಣಗಿಸಿದ ಸಿಪ್ಪೆ. ಬೇಗ ಬೇಗ ಎರಡು ಸಲ ತೊಳೆದು, ಉಗುರುಬೆಚ್ಚಗಿನ ನೀರಲ್ಲಿ ಎರಡು ಮೂರು ಗಂಟೆ ನೆನೆಸಿ ಕಿವುಚಿ. ಮೇಲೆ ಮತ್ತೆ ಉಪ್ಪು ಹಾಕಬೇಡಿ. ಇಷ್ಟಾದರೂ ಊರಿನ ಬಣ್ಣ ಬರಲಿಕ್ಕಿಲ್ಲ, ಅದು ತಾಜಾ ಹಣ್ಣಿನ ಬಣ್ಣ. ಹಣ್ಣು ಏಪ್ರಿಲ್, ಮೇ ಹೊತ್ತಿಗೆ ಬರುತ್ತದೆ. ಆಗ ಊರಿಗೆ ಹೋದರೆ ನೀವೇ ಮಾಡಿಕೊಂಡು ಬನ್ನಿ. ಹಣ್ಣು ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ಸೀಳಿ ಬೀಜ ತೆಗೆಯಿರಿ. ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹೀಗೆ ತುಂಬಿ. ತೂಕದಲ್ಲಿ ಸಕ್ಕರೆ ಸಿಪ್ಪೆಗಿಂತ ಕಡಿಮೆ ಇರಬಾರದು, ಒಂದೂವರೆ ಪಟ್ಟು ಇದ್ದರೆ ಒಳ್ಳೆಯದು. ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಡಿ. ಎರಡನೇ ದಿನಕ್ಕೇ ಕಡುಕೆಂಪು ರಸ ತಳದಲ್ಲಿ ನಿಲ್ಲಲು ಶುರುವಾಗುತ್ತದೆ. ಸಕ್ಕರೆ ಪೂರ್ತಿ ಕರಗಿದ ಮೇಲೆ ಸೋಸಿ ಬಾಟಲಿಗೆ ತುಂಬಿ.

ಕುಡಿಯುವಾಗ ಒಂದು ಪಾಲು ರಸಕ್ಕೆ ನಾಲ್ಕೈದು ಪಾಲು ತಣ್ಣೀರು, ಚಿಟಿಕೆ ಜೀರಿಗೆಪುಡಿ. ಬೀಜ ಎಸೆಯಬೇಡಿ, ಊರಲ್ಲಿ ಅದರಿಂದ ತುಪ್ಪ ತೆಗೆಯುವವರಿದ್ದರೆ ಕೊಡಿ, ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಬಾಟಲಿಯನ್ನು ಫ್ರಿಜ್‌ನಲ್ಲೇ ಇಡಿ, ಒದ್ದೆ ಚಮಚ ಮಾತ್ರ ಹಾಕಬೇಡಿ.